ಗಿಣ್ಣು, ಹೋರಿಯ ವೀರ್ಯ ಮತ್ತು ಹುಚ್ಚು ಹಸು
(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಉಪನ್ಯಾಸದ ಪಠ್ಯ)



ಹಸು ಕರು ಹಾಕಿದಾಗ ಮನೆಯಲ್ಲಿ ಗಿಣ್ಣು ಕಾಯಿಸುವುದನ್ನು ತಾವೆಲ್ಲರೂ ನೋಡಿದ್ದೀರಿ. ನೀರಿನಂತೆ ಹರಿಯುತ್ತಿದ್ದ ಹಾಲು ಬಿಸಿ ತಾಗಿದೊಡನೆ ಗಡ್ಡೆ ಕಟ್ಟುತ್ತದೆ. ಹೊಸದಾಗಿ ಏನನ್ನೂ ಹಾಕಿಲ್ಲ, ಏನನ್ನೂ ತೆಗೆದಿಲ್ಲ. ಹಾಗಿದ್ದರೆ ಬದಲಾದದ್ದು ಏನು? ಗಿಣ್ಣಿನಲ್ಲಿರುವ ಪ್ರೋಟೀನುಗಳ ಆಕಾರ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಸರ ನೇರವಾಗಿ ಇರುವುದಿಲ್ಲ. ತನ್ನದೇ ರೀತಿಯಲ್ಲಿ ಮಡಚಿ, ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಆ ಮಡಿಕೆಯಿಂದಲೇ ಅದು ಕೆಲಸ ಮಾಡುವುದು. ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಪ್ರೋಟೀನ್ ಗಿಣ್ಣಿನಲ್ಲಿದೆ. ಕುದಿಸಿದರೆ ಮಡಿಕೆ ಬಿಚ್ಚಿ ಆ ಶಕ್ತಿ ಹೋಗುತ್ತದೆ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣನ್ನು ಕಾಯಿಸದೆ ಕುಡಿಸಿ ಎಂದು ನಾವು ಊರೂರಿಗೆ ಬಂದು ಹೇಳುವುದು ಇದಕ್ಕೇ. ನಮ್ಮ ಪಾಲಿನ ಗಿಣ್ಣನ್ನು ಆಮೇಲೆ ಕಾಯಿಸಿಕೊಳ್ಳೋಣ.

ಆದರೆ ಈ ಆಕಾರವನ್ನು ಕಂಡವರು ಯಾರು? ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಪ್ರೋಟೀನ್ ಕಾಣುವುದಿಲ್ಲ. ಹರಳು ಕಟ್ಟಿಸಿ ಕ್ಷ-ಕಿರಣ ಹಾಯಿಸಿ ನೋಡುವ ಪದ್ಧತಿ ಮೊದಲಿನಿಂದ ಇತ್ತು. ಎಲ್ಲ ಪ್ರೋಟೀನೂ ಹರಳು ಕಟ್ಟುವುದಿಲ್ಲ. ಜೀವಿಯ ಮೈಯಲ್ಲಿ ಅದು ಇರುವುದೂ ನೀರಿನಲ್ಲಿ. ನೀರಿನಲ್ಲಿರುವಾಗಲೇ ನೋಡುವ ಪದ್ಧತಿಗೆ ಎನ್.ಎಂ.ಆರ್., ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಎಂದು ಹೆಸರು. ಹೆಸರಿನಲ್ಲಿ ನ್ಯೂಕ್ಲಿಯರ್ ಇದೆಯೆಂದು ಹೆದರಬೇಡಿ, ಅಣುಬಾಂಬಿಗೂ ಇದಕ್ಕೂ ಸಂಬಂಧವಿಲ್ಲ. ದೊಡ್ಡಾಸ್ಪತ್ರೆಗಳಲ್ಲಿ ಎಂ.ಆರ್.ಐ. ಸ್ಕ್ಯಾನ್ ಮಾಡುತ್ತಾರಲ್ಲ, ಅದರ ತತ್ವವೂ ಇದೇ. 1946ರಲ್ಲಿ ಅಮೆರಿಕದಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬಿಬ್ಬರು ಬೇರೆ ಬೇರೆಯಾಗಿ ಇದನ್ನು ಕಂಡರು.

ಜಲಜನಕ ಪರಮಾಣುವಿನ ತಿರುಳು ಒಂದು ಪುಟ್ಟ ಅಯಸ್ಕಾಂತ. ಅದನ್ನು ಬಲವಾದ ಅಯಸ್ಕಾಂತದೊಳಗೆ ಇಟ್ಟು ರೇಡಿಯೋ ತರಂಗ ತಾಗಿಸಿದರೆ, ಅದು ತನ್ನದೊಂದು ಸ್ವರದಲ್ಲಿ ಮಾರುತ್ತರ ಕೊಡುತ್ತದೆ. ಪ್ರೋಟೀನ್ ಕೆಲಸಕ್ಕೆ ಬಳಸುವ ಯಂತ್ರದ ಅಯಸ್ಕಾಂತ ಭೂಮಿಯ ಕಾಂತಶಕ್ತಿಗಿಂತ ಸುಮಾರು ಮೂರು ಲಕ್ಷ ಪಟ್ಟು ಬಲವಾದದ್ದು. ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಿ ಇಡಬೇಕು. ನಮ್ಮ ವೀರ್ಯ ಕಡ್ಡಿ ಇಡುವ ದ್ರವ ಸಾರಜನಕ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅದಕ್ಕಿಂತಲೂ ತಣ್ಣಗೆ!

ರಾತ್ರಿ ದೀಪವಿಲ್ಲದ ಕೊಟ್ಟಿಗೆಯಲ್ಲಿ ನಿಂತರೂ ಕೊರಳ ಗಂಟೆಯ ಸದ್ದಿನಿಂದ ಯಾವ ಹಸು ಎಲ್ಲಿದೆ ಎಂದು ತಾವು ಹೇಳಬಲ್ಲಿರಿ. ಇದೂ ಹಾಗೆಯೇ. ಪ್ರೋಟೀನಿನ ನೂರಾರು ಜಲಜನಕಗಳಲ್ಲಿ ಒಂದೊಂದರ ಸ್ವರವೂ ಅದರ ನೆರೆಹೊರೆಗೆ ತಕ್ಕಂತೆ ಸ್ವಲ್ಪ ಸ್ವಲ್ಪ ಬೇರೆ. ಇನ್ನೊಂದು ಉಪಕಾರವೂ ಇದೆ. ಎರಡು ಜಲಜನಕಗಳು ತೀರಾ ಹತ್ತಿರ, ಒಂದು ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲಿನೊಳಗೆ ಇದ್ದರೆ, ಒಂದರ ಸ್ವರ ಇನ್ನೊಂದಕ್ಕೆ ತಾಗುತ್ತದೆ. ಸರದಲ್ಲಿ ದೂರ ಇರುವ ಎರಡು ಮಣಿಗಳ ಸ್ವರ ಹೀಗೆ ತಾಗಿದರೆ, ಸರ ಅಲ್ಲಿ ಮಡಚಿ ಹತ್ತಿರ ಬಂದಿದೆ ಎಂದು ಅರ್ಥ. ಇಂತಹ ನೂರಾರು ಅಳತೆ ಕೂಡಿಸಿದರೆ, ಸರ್ವೆಯವರು ಸರಪಳಿ ಹಿಡಿದು ಜಮೀನಿನ ನಕ್ಷೆ ಬರೆದಂತೆ ಪ್ರೋಟೀನಿನ ನಕ್ಷೆ ಬರುತ್ತದೆ.

ಹೀಗೆ ಪೂರ್ತಿ ನಕ್ಷೆ ಬರೆದ ಮೊದಲ ಪ್ರೋಟೀನ್ ಯಾವುದು ಗೊತ್ತೇ? ಹೋರಿಯ ವೀರ್ಯರಸದ್ದು! ವೀರ್ಯಾಣುವಿನ ತಲೆಯಲ್ಲಿ ಪ್ರೋಟೀನ್ ಕತ್ತರಿಸುವ ಒಂದು ಕಿಣ್ವ ಇರುತ್ತದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಮಾಡದಂತೆ ತಡೆಯುವ, 57 ಮಣಿಗಳ ಸಣ್ಣ ಪ್ರೋಟೀನ್ ಇದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕುರ್ಟ್ ವ್ಯೂಟ್ರಿಶ್ ಮತ್ತು ಸಂಗಡಿಗರು 1985ರಲ್ಲಿ ಇದರ ನಕ್ಷೆ ಪ್ರಕಟಿಸಿದರು. ಕೃತಕ ಗರ್ಭಧಾರಣೆಗೆ ದಿನವೂ ವೀರ್ಯ ಕಡ್ಡಿ ಹಿಡಿಯುವ ನನಗೆ ಇದನ್ನು ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಆಗ ಅನೇಕರು ನಂಬಲಿಲ್ಲ. ಇಂತಹದೇ ಬೇರೊಂದು ಪ್ರೋಟೀನಿನ ಆಕಾರ ನೋಡಿಕೊಂಡು ಬರೆದಿದ್ದಾರೆ ಎಂದರು. ಕೊನೆಗೆ ಟೆಂಡಾಮಿಸ್ಟಾಟ್ ಎಂಬ ಪ್ರೋಟೀನನ್ನು ಜರ್ಮನಿಯ ಹ್ಯೂಬರ್ ಅವರ ತಂಡ ಹರಳಿನಿಂದಲೂ, ಇವರು ಎನ್.ಎಂ.ಆರ್.ನಿಂದಲೂ ಬೇರೆ ಬೇರೆಯಾಗಿ ಅಳೆದರು. 1986ರಲ್ಲಿ ತಾಳೆ ನೋಡಿದರೆ ಎರಡೂ ಒಂದೇ ಆಕಾರ. ಅಲ್ಲಿಗೆ ಅನುಮಾನದ ಬಾಯಿ ಮುಚ್ಚಿತು. 2002ರಲ್ಲಿ ವ್ಯೂಟ್ರಿಶ್ ಅವರಿಗೆ ನೊಬೆಲ್ ಬಂತು.

ಇನ್ನು ನಮ್ಮ ಕೊಟ್ಟಿಗೆಗೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. 1986ರಲ್ಲಿ ಬ್ರಿಟನ್ನಿನಲ್ಲಿ ಹಸುಗಳಿಗೆ ಹೊಸ ರೋಗ ಕಂಡಿತು. ಹಸು ಬೆದರುತ್ತದೆ, ಒದೆಯುತ್ತದೆ, ನಡೆಯುವಾಗ ತೂರಾಡುತ್ತದೆ, ಬಿದ್ದು ಸಾಯುತ್ತದೆ. ಮೆದುಳು ಕೊಯ್ದು ನೋಡಿದರೆ ಸ್ಪಂಜಿನಂತೆ ತೂತು ತೂತು. ಪತ್ರಿಕೆಗಳು ಹುಚ್ಚು ಹಸು ರೋಗ ಎಂದವು. 1993ರ ಆರಂಭದಲ್ಲಿ ವಾರಕ್ಕೆ ಸಾವಿರದಷ್ಟು ಹಸುಗಳಿಗೆ ಬರುತ್ತಿತ್ತು, ಒಟ್ಟು 1.8 ಲಕ್ಷಕ್ಕೂ ಹೆಚ್ಚು. 1996ರ ಮಾರ್ಚಿಯಲ್ಲಿ, ಅಂತಹ ಹಸುವಿನ ಮಾಂಸದ ಮೂಲಕ ಮನುಷ್ಯರಿಗೂ ಬಂದಿರಬಹುದೆಂದು ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಿ ಸತ್ತವರ ಸಂಖ್ಯೆ 170ನ್ನು ದಾಟಿತು.

ಕಾರಣ ಬ್ಯಾಕ್ಟೀರಿಯ ಅಲ್ಲ, ವೈರಸ್ ಅಲ್ಲ. ಹಸುವಿನ ಮೆದುಳಿನಲ್ಲಿ ಸಹಜವಾಗಿಯೇ ಇರುವ ಪ್ರಿಯಾನ್ ಎಂಬ ಪ್ರೋಟೀನ್, ತಪ್ಪಾಗಿ ಮಡಚಿಕೊಂಡದ್ದು. ಮಣಿಗಳು ಅವೇ, ಸರ ಅದೇ. ಮಡಿಕೆ ಮಾತ್ರ ಬೇರೆ. ತಪ್ಪಾಗಿ ಮಡಚಿದ ಒಂದು, ಪಕ್ಕದ ಸರಿಯಾದದ್ದನ್ನೂ ತನ್ನಂತೆಯೇ ಮಾಡುತ್ತದೆ. ಒಂದು ಚಮಚ ಹೆಪ್ಪು ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡಿದ ಹಾಗೆ. ಹೆಪ್ಪಿನಲ್ಲಾದರೂ ಜೀವಾಣು ಇದೆ. ಇದರಲ್ಲಿ ಯಾವ ಜೀವವೂ ಇಲ್ಲ. ಜೀವವೇ ಇಲ್ಲದ್ದನ್ನು ಕೊಲ್ಲುವುದು ಹೇಗೆ? ಕುದಿಸಿದರೆ ಹೋಗುವುದಿಲ್ಲ.

ಸಹಜ ಪ್ರಿಯಾನ್ ಹೇಗಿದೆ ಎಂದು ತೋರಿಸಿದವರೂ ಜ್ಯೂರಿಕ್‌ನವರೇ. 1996ರಲ್ಲಿ ಇಲಿಯದು, 2000ದಲ್ಲಿ ಮನುಷ್ಯನದು ಮತ್ತು ಹಸುವಿನದು. ಮೆದುಳಿನಿಂದ ತೆಗೆದದ್ದಲ್ಲ, ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯದಲ್ಲಿ ಬೆಳೆಸಿಕೊಂಡದ್ದು. ಒಂದರ್ಧ ಮೂರು ಸುರುಳಿಯಾಗಿ ಬಿಗಿಯಾಗಿ ಕೂತಿದೆ. ಇನ್ನರ್ಧ ಹಸುವಿನ ಬಾಲದಂತೆ ನೀರಿನಲ್ಲಿ ಸುಮ್ಮನೆ ಅಲ್ಲಾಡುತ್ತಿದೆ. ಹರಳು ಕಟ್ಟಿ ನೋಡುವ ಪದ್ಧತಿಯಲ್ಲಿ ಈ ಅಲ್ಲಾಟ ಕಾಣುತ್ತಿರಲಿಲ್ಲ. ಹಸುವಿನದನ್ನೂ ಮನುಷ್ಯನದನ್ನೂ ಅಕ್ಕಪಕ್ಕ ಇಟ್ಟರೆ ಮಡಿಕೆ ಬಹುಮಟ್ಟಿಗೆ ಒಂದೇ. ಹಸುವಿನ ರೋಗ ಮನುಷ್ಯನಿಗೆ ದಾಟಿತೆಂದರೆ ಅದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಕೆಟ್ಟ ಮಡಿಕೆಯದನ್ನು ಮಾತ್ರ ಈ ಪದ್ಧತಿಯಿಂದ ನೋಡಲಾಗಲಿಲ್ಲ, ಏಕೆಂದರೆ ಅದು ನೀರಿನಲ್ಲಿ ಕರಗದೆ ಗಂಟು ಕಟ್ಟುತ್ತದೆ. ಗಂಟಿನೊಳಗಿನ ಮಡಿಕೆ ಸ್ಪಷ್ಟವಾಗಿ ಕಂಡದ್ದು 2021ರಲ್ಲಿ, ಅತಿಶೀತದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಅದೂ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಬೆಳೆಸಿದ ಪ್ರಿಯಾನಿನದು.

ಬ್ರಿಟನ್ನಿನ ಹಸುಗಳಿಗೆ ಇದು ಹರಡಿದ್ದು ಆಹಾರದಿಂದ. ಕಸಾಯಿಖಾನೆಯ ಉಳಿಕೆಯನ್ನು ಬೇಯಿಸಿ, ಒಣಗಿಸಿ, ಮಾಂಸ-ಮೂಳೆ ಪುಡಿ ಮಾಡಿ, ಅಗ್ಗದ ಪ್ರೋಟೀನೆಂದು ಹಸುವಿಗೇ ತಿನ್ನಿಸಿದರು. ಹುಲ್ಲು ತಿನ್ನುವ ಪ್ರಾಣಿಗೆ ತನ್ನ ಜಾತಿಯದನ್ನೇ ತಿನ್ನಿಸಿದ್ದು! 1988ರಲ್ಲಿ ನಿಷೇಧಿಸಿದರು. ಆದರೂ ಆಮೇಲೆ ಹುಟ್ಟಿದ ಸಾವಿರಾರು ಹಸುಗಳಿಗೆ ರೋಗ ಬಂತು. ಹಂದಿ, ಕೋಳಿಗಳ ಆಹಾರಕ್ಕೆ ಆ ಪುಡಿ ಹಾಕುವುದು ನಿಂತಿರಲಿಲ್ಲ. ಅದೇ ಗಿರಣಿಯಲ್ಲಿ ಹಸುವಿನ ಆಹಾರವನ್ನೂ ಬೀಸುತ್ತಿದ್ದರು. ಸೋಂಕಿದ ಮೆದುಳು ಒಂದು ಗ್ರಾಂಗಿಂತ ಕಡಿಮೆ ಹೊಟ್ಟೆ ಸೇರಿದರೂ ಕರುವಿಗೆ ರೋಗ ಬರಬಲ್ಲದು.

ಇಷ್ಟು ಹೇಳಿದಾಗಲೆಲ್ಲ ಸಂಘಗಳಲ್ಲಿ ಒಂದೇ ಪ್ರಶ್ನೆ ಬರುತ್ತದೆ: ಸಾರ್, ಹಾಗಾದರೆ ಹಾಲು? ಹಾಲಿನಿಂದ ಈ ರೋಗ ಹರಡಿದ ಪುರಾವೆ ಇಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮದಲ್ಲಿ ಹಾಲು ಸುರಕ್ಷಿತ ಪದಾರ್ಥ. ನಮ್ಮ ದೇಶದಲ್ಲಿ ಈ ರೋಗ ವರದಿಯಾಗಿಲ್ಲ. ನಗಣ್ಯ ಅಪಾಯದ ದೇಶಗಳ ಪಟ್ಟಿಯಲ್ಲಿ ನಾವಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಹಳ್ಳಿಯಲ್ಲಿ ಹಸುವಿಗೆ ಹುಚ್ಚು ಹಿಡಿದಿದೆ ಎಂದು ಕರೆ ಬಂದರೆ ಅದು ಈ ರೋಗವಲ್ಲ. ಹುಚ್ಚುನಾಯಿ ಕಡಿದು ಬಂದ ರೇಬೀಸ್ ಇರಬಹುದು. ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ಕೂಗುವ ರಾಸಿನ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಆ ಹಾಲನ್ನು ಬಳಸಬೇಡಿ. ಜೊಲ್ಲು ತಾಗಿದ್ದರೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನೊಂದನ್ನು ಸ್ವಲ್ಪ ಬೇಸರದಿಂದಲೇ ಹೇಳುತ್ತೇನೆ. ಕೋಳಿ ಫಾರಂ ಇರುವ ಊರುಗಳಲ್ಲಿ, ಉಳಿದ ಕೋಳಿ ಆಹಾರವನ್ನು ಅಗ್ಗಕ್ಕೆ ತಂದು ಕರೆಯುವ ಹಸುವಿಗೆ ಹಾಕುವುದನ್ನು ಕಂಡಿದ್ದೇನೆ. ಹಾಲು ಏರುತ್ತದೆ ಎನ್ನುತ್ತಾರೆ. ಕೋಳಿ ಆಹಾರದಲ್ಲಿ ಮಾಂಸ-ಮೂಳೆ ಪುಡಿ ಸೇರಿರಬಹುದು. ಹಾಲು ಕೊಡುವ ರಾಸಿಗೆ ಅದನ್ನು ತಿನ್ನಿಸಲು ನಮ್ಮ ಆಹಾರ ಸುರಕ್ಷತಾ ನಿಯಮದಲ್ಲೂ ಅವಕಾಶವಿಲ್ಲ. ಹೊಲದಲ್ಲಿ ಬಿದ್ದ ಮೂಳೆಯನ್ನು ಹಸು ತಾನಾಗಿ ಕಚ್ಚುತ್ತಿದ್ದರೆ ಅದು ರಂಜಕದ ಕೊರತೆ. ಆ ಮೂಳೆಯಿಂದ ಬೊಟುಲಿಸಂ ಎಂಬ ವಿಷಬಾಧೆ ತಗಲಿ ಹಸು ಕೈಕಾಲು ಸೋತು ಬೀಳುವುದುಂಟು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ, ಮೂಳೆಯನ್ನು ಹೂಳಿ. ಬಿಡಿಯಾಗಿ, ಚೀಟಿ ಇಲ್ಲದ ಚೀಲದಲ್ಲಿ ಬಂದ ಯಾವ ಪುಡಿಯ ಬಗ್ಗೆಯಾದರೂ ಅನುಮಾನವಿದ್ದರೆ, ಹಸುವಿನ ಮುಂದೆ ಇಡುವ ಮೊದಲು ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ನನ್ನ ಬಳಿ ತನ್ನಿ.