ಪಾದ್ರಿ ಕಿಂಗ್ ಮತ್ತು ನಾವು
(ಮೈಸೂರಿನ ಶ್ರೀರಾಂಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



1959ರಲ್ಲಿ ಅಮೆರಿಕದಿಂದ ಒಬ್ಬ ಕರಿಯ ಪಾದ್ರಿ ಹೆಂಡತಿಯೊಡನೆ ನಮ್ಮ ದೇಶಕ್ಕೆ ಬಂದು ಒಂದು ತಿಂಗಳು ಸುತ್ತಿದರು. ದೆಹಲಿಯಲ್ಲಿ ನೆಹರೂ ಜೊತೆ ಊಟ ಮಾಡಿದರು. ತಿರುವನಂತಪುರಕ್ಕೆ ಹೋದಾಗ ಅವರನ್ನು ಒಂದು ಶಾಲೆಗೆ ಕರೆದೊಯ್ದರು. ಅಸ್ಪೃಶ್ಯರು ಅನ್ನಿಸಿಕೊಂಡ ಮನೆಗಳ ಮಕ್ಕಳು ಓದ್ತಿದ್ದ ಶಾಲೆ. ಹೆಡ್‌ಮಾಸ್ಟರು ಎದ್ದು, ಇವರೂ ನಿಮ್ಮ ಹಾಗೇ ಅಮೆರಿಕದ ಒಬ್ಬ ಅಸ್ಪೃಶ್ಯರು ಅಂತ ಪರಿಚಯ ಮಾಡಿಕೊಟ್ಟರು.

ಪಾದ್ರಿಗೆ ಕಸಿವಿಸಿ ಆಯಿತು. ಒಳಗೇ ಸಿಟ್ಟೂ ಬಂತು. ಡಾಕ್ಟರೇಟ್ ಪಡೆದವರು, ಪ್ರಧಾನಿ ಜೊತೆ ಉಂಡವರು, ಅವರನ್ನು ಹೀಗನ್ನೋದೇ? ಆಮೇಲೆ ತಮ್ಮ ದೇಶದ ಎರಡು ಕೋಟಿ ಕರಿಯರನ್ನು ನೆನೆದರು. ಅವರ ಕೊಳಕು ಮನೆಗಳನ್ನು, ಅವರ ಮಕ್ಕಳ ಶಾಲೆಗಳನ್ನು ನೆನೆದರು. ಹೌದು, ನಾನೂ ಅಸ್ಪೃಶ್ಯನೇ ಅಂತ ಒಪ್ಪಿಕೊಂಡರು. ಇದನ್ನು 1965ರಲ್ಲಿ ತಮ್ಮ ಚರ್ಚಿನಲ್ಲಿ ನಿಂತು ಅವರೇ ಹೇಳಿದರು. ಅವರ ಹೆಸರು ಮಾರ್ಟಿನ್ ಲೂಥರ್ ಕಿಂಗ್.

ಬಾಡಿಗೆ ಮನೆ ಕೇಳೋಕೆ ಹೋದಾಗ 'ನೀವು ಯಾವ ಜನ' ಅಂದ ಕೂಡಲೇ ನಮ್ಮ ನಾಲಿಗೆ ಒಣಗುತ್ತಲ್ಲ, ಆ ನಾಲಿಗೆಗೆ ಈ ಕತೆ ಗೊತ್ತಿರಬೇಕು.

ಕಿಂಗ್ ಹುಟ್ಟಿದ್ದು 1929ರ ಜನವರಿ 15, ಅಟ್ಲಾಂಟದಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ, ತಾಯಿಯ ತಂದೆಯೂ ಅದೇ. ಬ್ಯಾಪ್ಟಿಸ್ಟ್ ಅಂದರೆ ಬುದ್ಧಿ ಬಂದ ಮೇಲೆ ತಾವಾಗಿ ನಂಬಿ, ನೀರಲ್ಲಿ ಮುಳುಗಿ ದೀಕ್ಷೆ ತಗೊಳ್ಳೋ ಕ್ರೈಸ್ತ ಪಂಗಡ. (ನಮ್ಮ ಈ ಶ್ರೀರಾಂಪುರದ ಹೆಸರಿನದೇ ಊರು ಬಂಗಾಳದಲ್ಲೂ ಇದೆ. ಅಲ್ಲಿದ್ದ ಬ್ಯಾಪ್ಟಿಸ್ಟ್ ಪಾದ್ರಿ ವಿಲಿಯಂ ಕೇರಿ 1817ರಲ್ಲೇ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ. ಅದಿರಲಿ.) ಅಮೆರಿಕದ ಕರಿಯರಿಗೆ ಚರ್ಚು ಬರೀ ಪ್ರಾರ್ಥನೆಯ ಜಾಗ ಅಲ್ಲ. ಬಿಳಿಯರ ಅಪ್ಪಣೆ ಇಲ್ಲದೆ ಅವರು ಸಭೆ ಸೇರಬಹುದಾಗಿದ್ದ ಜಾಗ. ಮೇಷ್ಟ್ರು ಬಾಯಿ ಬಿಟ್ಟರೆ ಕೆಲಸ ಹೋಗ್ತಿತ್ತು. ಪಾದ್ರಿಯ ಸಂಬಳ ಕೊಡೋರು ಅವನ ಜನರೇ. ಅದಕ್ಕೇ ಅಲ್ಲಿ ಪಾದ್ರಿಗಳು ಮುಂದೆ ಬಂದರು.

1954ರಲ್ಲಿ ಕಿಂಗ್ ಮಾಂಟ್‌ಗಮರಿ ಊರಿನ ಚರ್ಚಿಗೆ ಪಾದ್ರಿಯಾದರು. ಅಲ್ಲಿ ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ. ಸೀಟು ಸಾಲದಿದ್ದರೆ ಕರಿಯರು ಎದ್ದು ಕೊಡಬೇಕು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಏಳಲಿಲ್ಲ, ಹಿಡಿದು ಒಯ್ದರು. ಇಷ್ಟು ಎಲ್ಲರಿಗೂ ಗೊತ್ತು. ಅದೇ ಮಾರ್ಚಿಯಲ್ಲಿ ಹದಿನೈದು ವರ್ಷದ ಶಾಲೆಯ ಹುಡುಗಿ ಕ್ಲಾಡೆಟ್ ಕಾಲ್ವಿನ್ ಏಳದೆ ಕೂತು ಪೊಲೀಸರ ಕೈಗೆ ಸಿಕ್ಕಿದ್ದಳು. ನಿಮ್ಮ ವಯಸ್ಸಿಗಿಂತ ಚಿಕ್ಕವಳು! ರೋಸಾ ಸೆರೆಯಾದ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಮೇಡಮ್ಮು ಇಬ್ಬರು ವಿದ್ಯಾರ್ಥಿಗಳನ್ನು ಕರಕೊಂಡು ಕಾಲೇಜಿನ ಸೈಕ್ಲೋಸ್ಟೈಲ್ ಮೆಷಿನ್ನಿನಲ್ಲಿ ಬೆಳಗಿನವರೆಗೆ ಹತ್ತಾರು ಸಾವಿರ ಕರಪತ್ರ ತೆಗೆದರು. ಬಸ್ಸು ಹತ್ತಬೇಡಿ ಅಂತ. ಈ ಪತ್ರಿಕೆಯ ಮಸಿ ಕೈಗಂಟಿಸಿಕೊಂಡೋರಿಗೆ ಆ ರಾತ್ರಿ ಎಂಥದು ಅಂತ ಗೊತ್ತಾಗುತ್ತೆ.

ಆಮೇಲೆ ಮುಂದಾಳು ಬೇಕಾಯಿತು. ಇಪ್ಪತ್ತಾರು ವರ್ಷದ ಹೊಸ ಪಾದ್ರಿಯನ್ನು ಆರಿಸಿದರು. ಜನ ಮೊದಲು ಎದ್ದರು, ಕಿಂಗ್ ಆಮೇಲೆ ಬಂದರು. 381 ದಿನ ಜನ ನಡೆದರು, ಇದ್ದಬದ್ದ ಕಾರುಗಳಲ್ಲಿ ಒತ್ತಿಕೊಂಡು ಹೋದರು. ಹೆಂಡತಿ, ಹಸುಗೂಸು ಒಳಗಿದ್ದಾಗಲೇ ಕಿಂಗ್ ಮನೆಗೆ ಬಾಂಬು ಎಸೆದರು. ಆಗಲೂ ಜನ ಬಸ್ಸು ಹತ್ತಲಿಲ್ಲ. ಕೊನೆಗೆ ಕೋರ್ಟಿನಲ್ಲಿ ಗೆದ್ದ ಆ ಕೇಸಿನಲ್ಲಿ ಕಾಲ್ವಿನ್ ಕೂಡ ಒಬ್ಬಳು. 1956ರ ಡಿಸೆಂಬರ್ 21ರಂದು ಬೇಕಾದ ಸೀಟಿನಲ್ಲಿ ಕೂತರು. ಅದಕ್ಕೆ ಹದಿನೈದು ದಿನ ಮುಂಚೆ ಇಲ್ಲಿ ಬಾಬಾಸಾಹೇಬರು ತೀರಿಕೊಂಡಿದ್ದರು.

ಇಲ್ಲಿ ನಮ್ಮದೊಂದು ತಕರಾರಿದೆ. ಕಿಂಗ್ ಇಲ್ಲಿಗೆ ಬಂದಾಗ ಅವರನ್ನು ಸುತ್ತಾಡಿಸಿದೋರು ಗಾಂಧಿ ಸ್ಮಾರಕ ನಿಧಿಯೋರು. ನೋಡಿದ್ದು ಗಾಂಧಿಯ ಇಂಡಿಯಾ. 1927ರಲ್ಲಿ ಮಹಾಡ್ ಕೆರೆಗಿಳಿದು ನೀರು ಮುಟ್ಟಿದ ಜನ ಮಾಂಟ್‌ಗಮರಿಯ ಜನಕ್ಕೆ ಅಣ್ಣಂದಿರು. ಆ ಅಣ್ಣಂದಿರ ಮನೆಗೆ ಕಿಂಗ್‌ನ ಯಾರೂ ಸರಿಯಾಗಿ ಕರಕೊಂಡು ಹೋಗಲಿಲ್ಲ.

ಆದರೂ ತಿರುವನಂತಪುರದಲ್ಲಿ ಒಪ್ಪಿಕೊಂಡ ಮಾತನ್ನು ಅವರು ಬಿಡಲಿಲ್ಲ. 1964ರಲ್ಲಿ ನೊಬೆಲ್ ಬಂತು. ಅದನ್ನಿಟ್ಟುಕೊಂಡು ಸುಮ್ಮನೆ ಕೂರಬಹುದಿತ್ತು. 1968ರ ಫೆಬ್ರವರಿ 1ರಂದು ಮೆಂಫಿಸ್ ಊರಲ್ಲಿ ಮಳೆ. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕೂಲಿಗಳು ಅರೆದುಹೋದರು. 1,300 ಕಸದ ಕೆಲಸಗಾರರು ಮುಷ್ಕರ ಹೂಡಿದರು. ನಾನೂ ಮನುಷ್ಯ ಅಂತ ಫಲಕ ಹಿಡಿದು ನಡೆದರು. ಡಾಕ್ಟರ್ ಕಿಂಗ್ ಬಂದು ಅವರ ಸಾಲಿನಲ್ಲಿ ನಿಂತರು. ಅದೇ ಊರಲ್ಲಿ ಏಪ್ರಿಲ್ 4ರಂದು ಗುಂಡಿಟ್ಟು ಕೊಂದರು. ಆಗ ಮೂವತ್ತೊಂಬತ್ತು ವರ್ಷ. ಹನ್ನೆರಡು ದಿನ ಕಳೆದು ನಗರಸಭೆ ಸಂಘವನ್ನು ಒಪ್ಪಿತು, ಕೂಲಿ ಏರಿಸಿತು.

ಕಸ, ಮಲ ಅಂದರೆ ನಮಗೆ ದೂರದ ಮಾತಲ್ಲ. ನಮ್ಮದೇ ಕೋಲಾರದ ಚಿನ್ನದ ಗಣಿ ಊರಲ್ಲಿ 1966ರಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು. ಮನೆಯೋರು ಮಲ ಬಾಚುವ ಕೆಲಸದೋರು, ಮಗನಿಂದ ಅದನ್ನು ಮುಚ್ಚಿಟ್ಟಿದ್ದರು. ಗೊತ್ತಾದ ಮೇಲೆ ವಿಲ್ಸನ್ ಊರು ಬಿಟ್ಟು ಓಡಲಿಲ್ಲ. ಆ ಒಣ ಕಕ್ಕಸುಗಳ ಮೇಲೇ ಹೋರಾಟ ಹೂಡಿದರು. ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರಲ್ಲಿ ತೀರ್ಪು ಬಂತು: ಚರಂಡಿಗಿಳಿದು ಸತ್ತವರ ಮನೆಗೆ 10 ಲಕ್ಷ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷ ಮಾಡಿತು.

ಮ್ಯಾನ್‌ಹೋಲಿಗೆ ಮಗನನ್ನು ಕಳಕೊಂಡ ತಾಯಿಗೆ ಈ ತೀರ್ಪು ಹೇಳೋರು ಯಾರು? ಅರ್ಜಿ ಬರೆಯೋಕೆ, ಕಚೇರಿಯಲ್ಲಿ ಗುಮಾಸ್ತನ ಎದುರು ನಿಲ್ಲೋಕೆ ಓದಿದೋರು ಬೇಕು. ಪರೀಕ್ಷೆ ಮುಗಿದ ಮೇಲೆ ಇಬ್ಬಿಬ್ಬರಾಗಿ ಪೌರಕಾರ್ಮಿಕರ ಕೇರಿಗಳಿಗೆ ಹೋಗೋದು ಅಂತ ಮಾತಾಡಿಕೊಂಡಿದ್ದೇವೆ. ಬರೋರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿ.