ಕೊಪ್ಪಿ, ಮಾಸ್ಕು ಮತ್ತು ನಮ್ಮ ಹೊಲಿಗೆ ತರಗತಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಬೆಂಗಳೂರಾಗ ಸಾಫ್ಟ್‌ವೇರ್ ಎಂಜಿನಿಯರ್ ಇದ್ದೀರಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಕ ಮಾತ ಹೇಳ್ರಿ" ಅಂದರು. ನಾನು, "ಸರ್, ಹೊಲಿಗಿ ಬಗ್ಗೆ ಮಾತಾಡ್ತೀನ್ರಿ" ಅಂದೆ. ಅವರು ನಕ್ಕರು. ನಾನು ಚೇಷ್ಟೆಗೆ ಹೇಳಿದ್ದಲ್ಲ.

ಮೊದಲು ಒಂದು ಹಳೆಯ ನೆನಪು. ನಾನು 2004ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಗ ಮಳೆಗಾಲದಲ್ಲಿ ನಮ್ಮಲ್ಲಿ ಎಷ್ಟು ಜನರ ಬಳಿ ಕೊಡೆ ಇತ್ತು? ಯೂರಿಯಾ ಗೊಬ್ಬರದ ಖಾಲಿ ಚೀಲ ತೊಳೆದು, ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಕೊಪ್ಪಿ ತಯಾರು. ತಲೆ, ಬೆನ್ನು, ಬೆನ್ನ ಮೇಲಿನ ಪಾಟಿಚೀಲ ಮೂರೂ ಅದರೊಳಗೆ. ಎರೆಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗುತ್ತಿತ್ತು, ಆದರೆ ತಲೆ ಮಾತ್ರ ಒಣಗಿರುತ್ತಿತ್ತು. ಶಾಲೆಯ ಪಡಸಾಲೆಯಲ್ಲಿ ಕೊಪ್ಪಿಗಳು ಸಾಲಾಗಿ ನೇತಾಡುತ್ತಿದ್ದವು. ಕೈಗೆ ಸಿಕ್ಕಿದ್ದರಲ್ಲಿ ಮೈ ಕಾಯ್ದುಕೊಳ್ಳುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ರಾಶಿ ಮಾಡುವಾಗ ಹೊಟ್ಟು ಮೂಗಿಗೆ ಬರದಂತೆ ಗಂಡಸರು ಟವೆಲ್ ಕಟ್ಟುತ್ತಾರೆ, ಮೆಣಸಿನಕಾಯಿ ತುಂಬುವಾಗ ಹೆಣ್ಣುಮಕ್ಕಳು ಸೆರಗು ಸುತ್ತಿಕೊಳ್ಳುತ್ತಾರೆ. ಅವನ್ನೆಲ್ಲ ಮಾಸ್ಕು ಎಂದು ನಾವು ಕರೆದಿರಲಿಲ್ಲ, ಅಷ್ಟೇ.

ಇನ್ನೊಂದು ನೆನಪು ಹೊಲಿಗೆ ಅಕ್ಕೋರದು. ವಾರಕ್ಕೆ ಎರಡು ಅವಧಿ. ಗಂಡುಹುಡುಗರೂ ಸೂಜಿ ಹಿಡಿಯಲೇಬೇಕು ಎಂದು ಅವರ ಹಟ. ನಾವು ಗೊಣಗುತ್ತಿದ್ದೆವು. "ಗುಂಡಿ ಹರಿದರ ಹೆಂಡ್ತಿ ಬರೋತನಕ ಕಾಯ್ತೀಯೇನೋ?" ಎಂದು ಕೇಳಿ ಇಡೀ ತರಗತಿಯನ್ನು ನಗಿಸುತ್ತಿದ್ದರು. ಅವರ ಒಂದು ಮಾತು ಮಾತ್ರ ಈಗಲೂ ಕಿವಿಯಲ್ಲಿದೆ: "ಕತ್ತರಿ ಹಾಕೋಕಿಂತ ಮೊದ್ಲ ಹಾಕ್ಕೊಳ್ಳೋರ ಅಳತಿ ತಗೋ." ಆ ಮಾತನ್ನು ಮರೆತದ್ದಕ್ಕೆ ನಾನು ಏನು ತೆತ್ತೆ ಎಂಬುದನ್ನೇ ಇವತ್ತು ಹೇಳಲು ಬಂದಿದ್ದೇನೆ.

2020ರ ಮಾರ್ಚ್ 21ಕ್ಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದೆ. 25ರಿಂದ ದೇಶವೇ ಲಾಕ್‌ಡೌನ್. ಹುಬ್ಬಳ್ಳಿಯ ಔಷಧಿ ಅಂಗಡಿಗಳಲ್ಲಿ ಮಾಸ್ಕು ಸಿಗುತ್ತಿರಲಿಲ್ಲ, ಸಿಕ್ಕರೂ ಬೆಲೆ ಕೇಳುವಂತಿರಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ, ಸಾಮಾನ್ಯ ಜನರು ಮನೆಯಲ್ಲೇ ಮಾಡಿದ ಬಟ್ಟೆಯ ಮುಖಗವಸು ಬಳಸಬಹುದು ಎಂದು ಸಲಹೆ ಕೊಟ್ಟಿತು. ನಮ್ಮವ್ವ ಮಷಿನ್ನಿನ ಮೇಲಿನ ಧೂಳು ಒರೆಸಿದಳು.

ಹೇಗೆ ಮಾಡಿದೆವು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು. ಬಟ್ಟೆ ಹತ್ತಿಯದೇ ಆಗಬೇಕು, ನೇಯ್ಗೆ ಒತ್ತಾಗಿರಬೇಕು. ಬಿಸಿಲಿಗೆ ಹಿಡಿದಾಗ ಎಳೆಗಳ ನಡುವೆ ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ ಬಂದರೆ ಆ ಬಟ್ಟೆ ಬೇಡ. ಸವೆದ ಧೋತರ ಆಗಲಿಲ್ಲ, ಹಾಸಿಗೆಯ ಮೇಲುಹೊದಿಕೆ ಆಯಿತು. ಮೂರು ಪದರ, ನಡುವೆ ಮೂರು ನಿರಿಗೆ. ಇಲಾಸ್ಟಿಕ್ ಸಿಗದಿದ್ದಾಗ ಲಂಗದ ಲಾಡಿಯನ್ನೇ ನಾಲ್ಕು ಕಡೆ ಹಚ್ಚಿದೆವು, ತಲೆಯ ಹಿಂದೆ ಕಟ್ಟಿಕೊಳ್ಳುವ ಹಾಗೆ. ಎಲ್ಲಕ್ಕಿಂತ ಕಷ್ಟ ಮೂಗಿನದು. ಮೂಗಿನ ಎರಡೂ ಬದಿಗೆ ಸಂದು ಉಳಿದರೆ ಉಸಿರು ಬಟ್ಟೆಯೊಳಗಿಂದ ಹಾಯದೆ ಆ ಸಂದಿನಿಂದಲೇ ಹೋಗಿ ಬರುತ್ತದೆ. ಆಗ ಪದರ ಎಷ್ಟಿದ್ದರೂ ಲಾಭವಿಲ್ಲ. ಮೊದಲು ಕಬ್ಬಿಣದ ತಂತಿ ಹಾಕಿದೆವು, ನಾಲ್ಕು ಸಲ ತೊಳೆದ ಮೇಲೆ ತುಕ್ಕಿನ ಕಲೆ ಬಂತು. ಆಮೇಲೆ ಪಂಪ್‌ಸೆಟ್ ಮೋಟರ್ ಸುತ್ತುವ ಅಂಗಡಿಯಿಂದ ಹಳೆಯ ತಾಮ್ರದ ತಂತಿ ತಂದು, ತುದಿ ಚುಚ್ಚದಂತೆ ಮಡಚಿ ಒಳಗಿಟ್ಟೆವು. ಅದು ನಿಂತಿತು.

ಓಣಿಯ ಸ್ವಸಹಾಯ ಸಂಘದ ಅಕ್ಕಂದಿರು ಕೂಡಿಕೊಂಡರು. ಮುಂದೂಡಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಗುವ ಹೊತ್ತಿಗೆ ನಮ್ಮ ಶಾಲೆಯ ಹತ್ತನೆಯ ತರಗತಿಯ 64 ಮಕ್ಕಳಿಗೂ ತಲಾ ಎರಡು ಮಾಸ್ಕು ಕೊಟ್ಟೆವು, ಒಂದು ತೊಳೆದು ಒಣಗುವಾಗ ಇನ್ನೊಂದು ಇರಲಿ ಎಂದು. ಆ ಮಕ್ಕಳಲ್ಲಿ ಕೆಲವರು ಇವತ್ತು ಹಳೆಯ ವಿದ್ಯಾರ್ಥಿಗಳಾಗಿ ಇಲ್ಲೇ ಕೂತಿದ್ದಾರೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಾನು ಎಂಜಿನಿಯರ್ ಅಲ್ಲವೇ! ಆ ಮಾರ್ಚಿನಲ್ಲೇ ಜೆಕ್ ದೇಶದ ಪ್ರೂಸಾ ಎಂಬ ಕಂಪನಿ, ಮುಖಕ್ಕೆ ಅಡ್ಡ ಹಿಡಿಯುವ ಪಾರದರ್ಶಕ ಗುರಾಣಿಯ, ಅಂದರೆ ಫೇಸ್ ಶೀಲ್ಡಿನ, ತಲೆಪಟ್ಟಿಯ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತ್ತು. ಜಗತ್ತಿನ ಎಷ್ಟೋ ಊರುಗಳಲ್ಲಿ ಅದನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯುತ್ತಿದ್ದರು. ನಮ್ಮೂರಲ್ಲಿ ತ್ರೀಡಿ ಪ್ರಿಂಟರ್ ಎಲ್ಲಿಂದ ಬರಬೇಕು? ಝೆರಾಕ್ಸ್ ಅಂಗಡಿಯ ಎ4 ಅಳತೆಯ ಪ್ಲಾಸ್ಟಿಕ್ ಹಾಳೆ, ಹಳೆಯ ಗಾದಿಯ ಸ್ಪಂಜು, ಇಲಾಸ್ಟಿಕ್, ಸ್ಟೇಪ್ಲರ್ ಸೇರಿಸಿ ಎರಡೇ ದಿನದಲ್ಲಿ 40 ಶೀಲ್ಡ್ ಮಾಡಿದೆ. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿಯವರಿಗೂ ಹಂಚಿದೆ. ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದೆ. ಬಹಳ ಮೆಚ್ಚುಗೆ ಬಂತು.

ವಾರದ ಮೇಲೆ ನೋಡಿದರೆ ನಮ್ಮ ಓಣಿಯ ಆಶಾ ಅಕ್ಕ ಅದನ್ನು ಹಾಕಿಕೊಂಡೇ ಇರಲಿಲ್ಲ. ಅವರೂ ಇದೇ ಶಾಲೆಯವರು, ನನಗಿಂತ ನಾಲ್ಕು ವರ್ಷ ಹಿರಿಯರು. ಕೇಳಿದೆ. "ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ಒಂದ ದಿನ ನೀನ ಹಾಕ್ಕೊಂಡು ನನ್ನ ಜೋಡಿ ಬಾ" ಎಂದರು. ಹೋದೆ. ಏಪ್ರಿಲ್ ಬಿಸಿಲು, 50 ಮನೆ. ಹತ್ತನೆಯ ಮನೆಗೆ ಹೋಗುವಷ್ಟರಲ್ಲಿ ಉಸಿರಿನ ಹಬೆಗೆ ಹಾಳೆ ಮಸುಕಾಯಿತು. ಹಾಳೆಯನ್ನು ಉದ್ದುದ್ದ ಹಚ್ಚಿದ್ದೆ. ರಿಜಿಸ್ಟರ್ ಬರೆಯಲು ತಲೆ ಬಗ್ಗಿಸಿದರೆ ಅದರ ಕೆಳತುದಿ ಎದೆಗೆ ತಾಗಿ ಪೂರಾ ಶೀಲ್ಡ್ ಮೇಲೇಳುತ್ತಿತ್ತು. ಇಲಾಸ್ಟಿಕ್ ಅವರ ತುರುಬಿನ ಮೇಲೆ ನಿಲ್ಲುತ್ತಿರಲಿಲ್ಲ. ಸ್ಟೇಪ್ಲರ್ ಪಿನ್ನಿನ ಬಾಯಿ ಒಳಗಿತ್ತು, ಹಣೆ ಕೆರೆಯಿತು. ಕಿವಿ ಮಂದವಾದ ಅಜ್ಜಿಯರಿಗೆ ಮಾತೇ ಕೇಳಿಸುತ್ತಿರಲಿಲ್ಲ.

ಅಕ್ಕೋರ ಮಾತು ನೆನಪಾಯಿತು. ಅಳತೆಯನ್ನು ನನ್ನ ತಲೆಗೆ ತೆಗೆದುಕೊಂಡಿದ್ದೆ. ಹಾಕಿಕೊಳ್ಳುವವರನ್ನು ಕೇಳಿಯೇ ಇರಲಿಲ್ಲ.

ಅದನ್ನು ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು ಮತ್ತೆ ಮಾಡಿದೆವು. ಹಾಳೆ ಅಡ್ಡ ತಿರುಗಿತು. ಆಗ ಗದ್ದಕ್ಕೆ ಮುಗಿಯುತ್ತದೆ, ಕಿವಿಯವರೆಗೆ ಬದಿಗಳೂ ಮುಚ್ಚುತ್ತವೆ. ಸ್ಪಂಜು ಎರಡು ಪದರವಾಯಿತು, ಗಾಳಿ ಆಡಲು ಜಾಗ ಸಿಕ್ಕಿತು. ಇಲಾಸ್ಟಿಕ್ ಬದಲು ತುರುಬಿನ ಕೆಳಗೆ ಕಟ್ಟುವ ಲಾಡಿ ಬಂತು. ಪಿನ್ನಿನ ಬಾಯಿ ಹೊರಕ್ಕೆ ತಿರುಗಿತು, ಅದರ ಮೇಲೊಂದು ಟೇಪು. ಆ ಜುಲೈಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸರಿಯಾದ ರಕ್ಷಣಾ ಸಾಮಗ್ರಿ ಬೇಕೆಂದು ಕೆಲಸ ನಿಲ್ಲಿಸಿ ಹೋರಾಟ ಮಾಡಿದಾಗ ನನಗೆ ಅದರ ಅರ್ಥ ತಿಳಿದಿತ್ತು. ಗಾದಿಯ ಸ್ಪಂಜಿನ ಶೀಲ್ಡು ಅವರಿಗೆ ಸಲ್ಲಬೇಕಾದ ಸಾಮಗ್ರಿಗೆ ಬದಲಿ ಅಲ್ಲ. ಅದು ಬರುವ ತನಕದ ಕೊಪ್ಪಿ ಮಾತ್ರ.

ಈಗ ಹೇಳುವ ಮಾತು ನನಗೆ ಸುಲಭದ್ದಲ್ಲ. ಉಳಿದ ಶೀಲ್ಡುಗಳಲ್ಲಿ ಒಂದನ್ನು ಕಿರಾಣಿ ಅಂಗಡಿ ನಡೆಸುತ್ತಿದ್ದ ನಮ್ಮ ಕಾಕಾಗೆ ಕೊಟ್ಟಿದ್ದೆ. ಕಾಕಾಗೆ ಮಾಸ್ಕು ಹಾಕಿದರೆ ಉಸಿರು ಕಟ್ಟಿದಂತಾಗುತ್ತಿತ್ತು. ಶೀಲ್ಡು ಸಿಕ್ಕ ಮೇಲೆ ಮಾಸ್ಕು ಬಿಟ್ಟರು. "ನಮ್ಮ ಹುಡುಗ ಮಾಡಿಕೊಟ್ಟಾನ" ಎಂದು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ನನಗೂ ಹೆಮ್ಮೆ. ಶೀಲ್ಡು ಎದುರಿನಿಂದ ಸಿಡಿಯುವ ಹನಿಯನ್ನು ತಡೆಯುತ್ತದೆ, ಗಾಳಿಯಲ್ಲಿ ತೇಲುವ ಸಣ್ಣ ಕಣ ಕೆಳಗಿನಿಂದ, ಬದಿಯಿಂದ ಒಳಗೆ ಬರುತ್ತದೆ, ಆದ್ದರಿಂದ ಕೆಳಗೆ ಮಾಸ್ಕು ಇರಲೇಬೇಕು. ಆಶಾ ಅಕ್ಕಂದಿರಿಗೆ ಈ ಮಾತು ಹೇಳಿದ್ದೆ. ಕಾಕಾಗೆ ಹೇಳಲಿಲ್ಲ. ಹಿರಿಯರಿಗೆ ಏನು ಹೇಳುವುದು ಎಂಬ ಸಂಕೋಚ.

2021ರ ಎರಡನೆಯ ಅಲೆಯಲ್ಲಿ ಕಾಕಾ ತೀರಿಕೊಂಡರು. ಸೋಂಕು ಅಂಗಡಿಯಲ್ಲೇ ತಗುಲಿತೋ, ಮದುವೆ ಮನೆಯಲ್ಲೋ, ಯಾರೂ ಹೇಳಲಾರರು. ಮಾಸ್ಕು ಇದ್ದಿದ್ದರೆ ಉಳಿಯುತ್ತಿದ್ದರು ಎಂದೂ ನಾನು ಹೇಳಲಾರೆ. ಕಾಕೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆ ಶೀಲ್ಡು ಇನ್ನೂ ಅಂಗಡಿಯ ಮೊಳೆಗೆ ನೇತಾಡುತ್ತಿದೆ. ಊರಿಗೆ ಬಂದಾಗಲೆಲ್ಲ ನೋಡುತ್ತೇನೆ. ಮಾಡಿಕೊಟ್ಟ ವಸ್ತು ಏನು ಮಾಡುತ್ತದೆ ಎಂದು ಹೇಳಿದರೆ ಅರ್ಧ ಕೆಲಸ. ಏನು ಮಾಡುವುದಿಲ್ಲ ಎಂದೂ ಹೇಳಿದಾಗ ಪೂರ್ತಿ ಕೆಲಸ. ನನ್ನ ಕಂಪ್ಯೂಟರ್ ಕೆಲಸದಲ್ಲೂ ಈಗ ಇದನ್ನು ಮರೆಯುವುದಿಲ್ಲ.

ಮಕ್ಕಳೇ, ರೋಗಕ್ಕೆ ಅಂಜಿ ಮುಖ ಮುಚ್ಚಿದವರಲ್ಲಿ ನಾವು ಮೊದಲಿಗರಲ್ಲ. 1910-11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಪ್ಲೇಗ್ ಬಂದಾಗ ವು ಲಿಯೆನ್-ತೆ ಎಂಬ ತರುಣ ವೈದ್ಯರು ಜಾಳಿಬಟ್ಟೆ, ಹತ್ತಿ ಸೇರಿಸಿ ಮುಖಪಟ್ಟಿ ಮಾಡಿಸಿದರು. ಅದನ್ನು ನಂಬದ ಹಿರಿಯ ವೈದ್ಯರೊಬ್ಬರು ಅದೇ ರೋಗಕ್ಕೆ ಬಲಿಯಾದರು. ಅದಕ್ಕೂ ಮೊದಲು, 1898ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲೇ ಪ್ಲೇಗ್ ಹಬ್ಬಿದಾಗ ಹಾಫ್‌ಕಿನ್ ಅವರ ಹೊಸ ಲಸಿಕೆಯನ್ನು ಹತ್ತಾರು ಸಾವಿರ ಜನ ಹಾಕಿಸಿಕೊಂಡಿದ್ದರು. ನಮ್ಮ ನೆಲದ ಜನ ಅಂಜಿಕೆಯಲ್ಲೂ ತಿಳಿವಳಿಕೆ ಬಿಟ್ಟವರಲ್ಲ.

ಕೊನೆಗೆ ಒಂದು ಬೇಡಿಕೆ. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದಾರೆ. ಸ್ಮಾರ್ಟ್ ಕ್ಲಾಸಿಗೆ ಪರದೆ ಬೇಕು, ನಾನೂ ಕೊಡುತ್ತೇನೆ. ಆದರೆ ಅಕ್ಕೋರು ನಿವೃತ್ತರಾದ ಮೇಲೆ ಹೊಲಿಗೆ ಕೋಣೆಗೆ ಬೀಗ ಬಿದ್ದಿದೆ. ಒಳಗೆ ನಾಲ್ಕು ಮಷಿನ್ ಇವೆ, ನಿನ್ನೆ ನೋಡಿ ಬಂದೆ. ಎರಡಕ್ಕೆ ಬೆಲ್ಟ್ ಬೇಕು, ಒಂದಕ್ಕೆ ಎಣ್ಣೆ ಸಾಕು, ಒಂದು ಹಾಳಾಗಿದೆ. ಅವುಗಳ ರಿಪೇರಿ ಖರ್ಚು ನನ್ನದು. ವಾರಕ್ಕೊಂದು ಅವಧಿ ಕಲಿಸಲು ಸ್ವಸಹಾಯ ಸಂಘದ ಅಕ್ಕಂದಿರು ಒಪ್ಪಿದ್ದಾರೆ. ಸಮಯಪಟ್ಟಿಯಲ್ಲಿ ಜಾಗ ಕೊಡುವುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ.

ಅಕ್ಕೋರು ಇವತ್ತು ಮೊದಲನೆಯ ಸಾಲಿನಲ್ಲೇ ಕುಳಿತಿದ್ದಾರೆ. ಅಕ್ಕೋರೇ, ಕತ್ತರಿ ಹಾಕುವ ಮೊದಲು ಅಳತೆ ತೆಗೆದುಕೊಳ್ಳುವುದನ್ನು ತಡವಾಗಿ ಕಲಿತೆ. ತಪ್ಪಾಯಿತು. ಇವರು ಬೇಗ ಕಲಿಯಲಿ.