ತಾಯಿಕುರಿ ತನ್ನ ಮರಿಯನ್ನು ಅರಿಯುವ ಬಗೆ



ಹೊಸೂರು, ಡೆಂಕಣಿಕೋಟೆಗಳ ಸುತ್ತಿನ ಹಳ್ಳಿಗಳಲ್ಲಿ ಕುರಿ ಸಾಕುವ ಕನ್ನಡ ಮನೆತನಗಳು ಇಂದಿಗೂ ಇವೆ. ಮತ್ತಿಗಿರಿಯಲ್ಲಿ 1824ರಲ್ಲಿ ಆರಂಭವಾದ ಸರ್ಕಾರಿ ಜಾನುವಾರು ಕ್ಷೇತ್ರವು ಈ ಸೀಮೆಯ ಪಶುಪಾಲನೆಗೆ ಹಳೆಯ ಸಾಕ್ಷಿ. “ನಾವು ಓದಿದವರಲ್ಲ, ಮಕ್ಕಳಿಗೆ ಏನು ಹೇಳಿಕೊಡೋಣ?” ಎಂದು ಕುರಿ ಸಾಕುವ ತಂದೆತಾಯಂದಿರು ನಮ್ಮಲ್ಲಿ ಸಂಕೋಚದಿಂದ ನುಡಿಯುವುದುಂಟು. ಅವರು ನಿತ್ಯ ಕಾಣುವ ಒಂದು ಸಂಗತಿಯನ್ನೇ ಇಂದು ಪಾಠವಾಗಿ ಎತ್ತಿಕೊಂಡಿದ್ದೇವೆ.

ರೊಪ್ಪದ ಮರಿಗಳೆಲ್ಲ ನಮ್ಮ ಕಣ್ಣಿಗೆ ಒಂದೇ ಬಗೆ. ತಾಯಿಕುರಿಯಾದರೋ ತನ್ನ ಮರಿಗೆ ಮಾತ್ರ ಮೊಲೆಯೂಡಿಸುತ್ತದೆ. ಈ ಗುರುತು ಹುಟ್ಟಿನಿಂದ ಬಂದುದಲ್ಲ. ಪ್ರತಿ ಸಲ ಈದಾಗಲೂ ಹೊಸದಾಗಿ ಕಲಿತುದು. ಮರಿ ಹೊರಬರುವಾಗ ಗರ್ಭದ್ವಾರ ಹಿಗ್ಗುವುದರಿಂದ ತಾಯಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ಎಂಬ ರಸ ಸ್ರವಿಸುತ್ತದೆ. ಅದುವರೆಗೆ ಒಲ್ಲದಿದ್ದ ಗರ್ಭಜಲದ ವಾಸನೆ ಆಗ ಅದಕ್ಕೆ ಪ್ರಿಯವಾಗುತ್ತದೆ. ಮರಿಯನ್ನು ನೆಕ್ಕುತ್ತ, ಸುಮಾರು 2 ಗಂಟೆಗಳೊಳಗೆ ಅದರ ವಾಸನೆಯನ್ನು ನೆನಪಿನಲ್ಲಿ ನೆಲೆಗೊಳಿಸಿಕೊಳ್ಳುತ್ತದೆ. ಬಳಿಕ ಅನ್ಯ ಮರಿ ಬಂದರೆ ಗುಮ್ಮಿ ದೂಡುತ್ತದೆ. ದೂರದಿಂದ ದನಿಯೂ ರೂಪವೂ ನೆರವಾಗುತ್ತವೆ. ಮರಿ ಮೊಲೆಗೆ ಬಾಯಿಟ್ಟಾಗ ಮಾತ್ರ ಬಾಲದ ಬುಡವನ್ನು ಮೂಸಿಯೇ ತೀರ್ಮಾನ. ಕೀತ್ ಕೆಂಡ್ರಿಕ್, ಬ್ಯಾರಿ ಕೆವರ್ನ್ ಮೊದಲಾದ ವಿಜ್ಞಾನಿಗಳು 1980, 1990ರ ದಶಕಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಈ ಕ್ರಿಯೆಯನ್ನು ಶೋಧಿಸಿದರು.

ಈ ಮೊದಲ ಗಳಿಗೆಗಳು ಕೈತಪ್ಪಿದರೆ ಮರಿಯ ಜೀವಕ್ಕೇ ಅಪಾಯ. ರೋಗಗಳನ್ನು ತಡೆಯುವ ಶಕ್ತಿ ಅದಕ್ಕೆ ದೊರೆಯುವುದು ಗಿಣ್ಣುಹಾಲಿನಿಂದ. ಆದುದರಿಂದಲೇ ಈದ ಕುರಿಯನ್ನೂ ಮರಿಯನ್ನೂ ಕೂಡಲೆ ಅಗಲಿಸಬಾರದು. ತಬ್ಬಲಿ ಮರಿಗೆ ಸತ್ತ ಮರಿಯ ತೊಗಲನ್ನು ಹೊದಿಸಿ, ಮರಿ ಕಳೆದುಕೊಂಡ ತಾಯಿಯ ಬಳಿ ಬಿಡುವ ಉಪಾಯವನ್ನು ಹಲವು ನಾಡುಗಳ ಕುರಿಗಾಹಿಗಳು ವಿಜ್ಞಾನಿಗಳಿಗಿಂತ ಬಹು ಮೊದಲೇ ಬಲ್ಲವರಾಗಿದ್ದರು.

ಈಯುವುದು, ಮಾಸು, ಗಿಣ್ಣು, ತಬ್ಬಲಿ, ರೊಪ್ಪ: ಈ ಮಾತುಗಳನ್ನು ನಾವು ಶಾಲೆಯಲ್ಲಿ ಕಲಿಸಿದವರಲ್ಲ. ನಿಮ್ಮ ಮಕ್ಕಳು ಮನೆಯಿಂದಲೇ ತಂದರು. ಮನೆಯಲ್ಲಿ ಆಡದೆ ಹೋದರೆ ಈ ಮಾತುಗಳು ಒಂದೇ ತಲೆಮಾರಿನಲ್ಲಿ ಅಳಿಯುತ್ತವೆ. ಅವುಗಳೊಡನೆ ಆ ತಿಳಿವಳಿಕೆಯೂ ಹೋಗುತ್ತದೆ. ಶತಮಾನ ಕಂಡ ಈ ಶಾಲೆ ಪೋಷಕರಲ್ಲಿ ಬೇಡುವುದು ಇಷ್ಟೆ: ಕುರಿ ಈಯುವ ಹೊತ್ತಿಗೆ ಮಕ್ಕಳನ್ನು ಜೊತೆಯಲ್ಲಿ ನಿಲ್ಲಿಸಿಕೊಳ್ಳಿರಿ, ಕಂಡುದನ್ನು ನಿಮ್ಮದೇ ಮಾತಿನಲ್ಲಿ ಹೇಳಿರಿ. ಮರುದಿನ ವಿಜ್ಞಾನದ ತರಗತಿಯಲ್ಲಿ ನಾವು ಅದನ್ನು ಅವರಿಂದಲೇ ಕೇಳಿ, ಬರೆಯಿಸಿ, ಶಾಲೆಯ ಪುಸ್ತಕಭಂಡಾರದಲ್ಲಿ ಇರಿಸುತ್ತೇವೆ.